ಹೊಳೆಯ ಪಾಲಿನ ಆಮ್ಲಜನಕ

ಒಳಚರಂಡಿಯಲ್ಲಿ ಹರಿದು ಬರುವುದರಲ್ಲಿ ನೂರಕ್ಕೆ 99.9ರಷ್ಟು ಬರೀ ನೀರು. ಉಳಿದ ಆ ಚೂರಿಗಾಗಿ ಇಷ್ಟೆಲ್ಲ ತೊಟ್ಟಿ, ಪಂಪು, ಪೈಪು ಏಕೆ? ಏಕೆಂದರೆ ಆ ಚೂರು ನೇರವಾಗಿ ಹೊಳೆ ಸೇರಿದರೆ ಮೀನುಗಳು ಸಾಯುತ್ತವೆ. ಅದೂ ಎಷ್ಟೋ ಸಲ ವಿಷವೇರಿ ಅಲ್ಲ, ಉಸಿರುಗಟ್ಟಿ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 9 ಮಿಲಿಗ್ರಾಂ ಮಾತ್ರ. ಮನೆಗಳಿಂದ ಬರುವ ಒಂದು ಲೀಟರ್ ಕೊಳಚೆಯನ್ನು ಜೀರ್ಣಿಸಿಕೊಳ್ಳಲು ಬ್ಯಾಕ್ಟೀರಿಯಾಗಳು 5 ದಿನಗಳಲ್ಲಿ ಬಳಸುವುದು ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ಪ್ರಯೋಗಾಲಯದವರು ಬಿಒಡಿ ಎನ್ನುವುದು ಇದನ್ನೇ. ಅಂದರೆ ಒಂದು ಲೀಟರ್ ಕೊಳಚೆ 20ಕ್ಕೂ ಹೆಚ್ಚು ಲೀಟರ್ ಹೊಳೆನೀರಿನ ಆಮ್ಲಜನಕವನ್ನು ಬರಿದು ಮಾಡಬಲ್ಲದು. ಹೊಳೆ ಗಾಳಿಯಿಂದ ಮತ್ತೆ ತುಂಬಿಕೊಳ್ಳುತ್ತದೆ ನಿಜ, ಆದರೆ ನಿಧಾನವಾಗಿ. ಅತಿ ಕೆಟ್ಟ ಸ್ಥಿತಿ ಚರಂಡಿ ಬಂದು ಸೇರುವ ಜಾಗದಲ್ಲಿರುವುದಿಲ್ಲ. ಬ್ಯಾಕ್ಟೀರಿಯಾಗಳು ಉಣ್ಣುತ್ತ ಸಾಗುವುದರಿಂದ ಅದು ಎಷ್ಟೋ ಕೆಳಗೆ, ಕೆಲವೊಮ್ಮೆ ಮುಂದಿನ ಊರಿನ ಬಳಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಒಹಾಯೊ ನದಿಯನ್ನು ಅಭ್ಯಸಿಸಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಇದಕ್ಕೊಂದು ಸಮೀಕರಣವನ್ನೇ ಕೊಟ್ಟರು.

ಸಂಸ್ಕರಣಾ ಘಟಕ ಹೊಸದೇನನ್ನೂ ಮಾಡುವುದಿಲ್ಲ. ಹೊಳೆಯಲ್ಲಿ ನಡೆಯಬೇಕಿದ್ದ ಊಟವನ್ನು ತೊಟ್ಟಿಯೊಳಗೇ ಮುಗಿಸುತ್ತದೆ, ಅಷ್ಟೆ. ಕಸ, ಮರಳು ತೆಗೆದ ನೀರಿಗೆ ಗಾಳಿ ಊದಿದರೆ ಅಲ್ಲಿರುವ ಬ್ಯಾಕ್ಟೀರಿಯಾಗಳು ಉಂಡು ಬೆಳೆದು ಗಡ್ಡೆಕಟ್ಟಿ ತಳಕ್ಕಿಳಿಯುತ್ತವೆ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಮಾಡಿದ ಜಾಣತನ ಚಿಕ್ಕದು: ತಳದ ಕೆಸರನ್ನು ಚೆಲ್ಲದೆ, ಅದರ ಮೇಲೇ ಹೊಸ ಕೊಳಚೆ ಸುರಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ದಿನದೊಳಗೆ ಆಯಿತು. ಇವತ್ತಿಗೂ ಜಗತ್ತಿನ ಬಹುಪಾಲು ದೊಡ್ಡ ಘಟಕಗಳು ನಡೆಯುವುದು ಇದೇ ಉಪಾಯದ ಮೇಲೆ.

ಅಲ್ಲಿಗೆ ಮುಗಿಯಲಿಲ್ಲ. ಮೂತ್ರದಿಂದ ಬರುವ ಅಮೋನಿಯಾ ಮೀನಿಗೆ ನೇರ ವಿಷ. ಸಾಲದ್ದಕ್ಕೆ, ಅದರಲ್ಲಿನ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಬೇಕು. ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಮಂದಗತಿಯವು, ಚಳಿಗೆ ಇನ್ನಷ್ಟು ಮಂದ. ರಂಜಕ ಉಳಿದುಹೋದರೆ ಕೆಳಗಿನ ಕೆರೆ, ಜಲಾಶಯಗಳಲ್ಲಿ ಪಾಚಿ ಉಕ್ಕುತ್ತದೆ.

ಸಣ್ಣ ಊರಿನ ಕಷ್ಟವೇ ಬೇರೆ. ಕೊಳಚೆ ಕಡಿಮೆ, ಆದರೆ ಹೊಳೆಯೂ ಚಿಕ್ಕದು. ಬೇಸಿಗೆಯಲ್ಲಿ ಹರಿಯುವುದರಲ್ಲಿ ಅರ್ಧಕ್ಕರ್ಧ ಘಟಕದ ನೀರೇ ಇರಬಹುದು. ಬೆಳಗಿನ ಹೊತ್ತು ನುಗ್ಗುವ ನೀರು ನಡುರಾತ್ರಿ ತೊಟ್ಟಿಕ್ಕುತ್ತದೆ. ಗಾಳಿ ಊದುವುದಕ್ಕೇ ಎಷ್ಟೋ ಘಟಕಗಳ ಅರ್ಧದಷ್ಟು ವಿದ್ಯುತ್ ಹೋಗುತ್ತದೆ, ಮೋಟಾರು ಕೆಟ್ಟರೆ ನೋಡಿಕೊಳ್ಳಲು ಜನ ಬೇಕು. ಜಾಗವೂ ಬಿಸಿಲೂ ಇರುವ ಊರಿಗೆ ನನ್ನ ಓಟು ಆಳ ಕಡಿಮೆಯ ಸಾಲುಕೊಳಗಳಿಗೆ. ಅಲ್ಲಿ ಪಾಚಿಯೇ ಆಮ್ಲಜನಕ ಕೊಡುತ್ತದೆ, ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಹೊರಹೋಗುವ ನೀರು ಹಸಿರಾಗಿರುತ್ತದೆ ಎಂಬ ದೂರು ಇದ್ದೇ ಇದೆ. ಕೆಟ್ಟು ನಿಂತ ಯಂತ್ರಕ್ಕಿಂತ ಅದು ವಾಸಿ.

ಸೀಸ, ಕ್ರೋಮಿಯಂ ಮಾತ್ರ ಯಾವ ಬ್ಯಾಕ್ಟೀರಿಯಾಕ್ಕೂ ಊಟವಲ್ಲ. ಅವು ಕೆಸರಿನಲ್ಲಿ ಕೂತರೆ ಆ ಕೆಸರು ಗೊಬ್ಬರಕ್ಕೆ ಬಾರದು, ಕೂರದಿದ್ದರೆ ಹೊಳೆಗೆ ಹೋಗುತ್ತವೆ. ಅವುಗಳನ್ನು ಹಿಡಿಯಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲೇ, ಒಳಚರಂಡಿಗೆ ಬೀಳುವ ಮೊದಲು.