ನಾನೂರು ಮಕ್ಕಳು, ನಾಲ್ಕು ಶಾಲೆ

ವಿಶ್ವವಿದ್ಯಾಲಯದಲ್ಲಿ ಎಷ್ಟು ಬಗೆಯ ಸಂಶೋಧನೆ ನಡೆಯುತ್ತದೆ ಎಂದು ತಿಳಿಯಬೇಕಿದ್ದರೆ ನಮ್ಮ ಸಂಖ್ಯಾಶಾಸ್ತ್ರದವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂದು ವಾರ ಕೂರಬೇಕು. ರಾಗಿ ಪೈರಿಗೆ ಸತುವಿನ ದ್ರಾವಣ ಸಿಂಪಡಿಸಿದ ಹುಡುಗ, ಅಂಗನವಾಡಿ ಮಕ್ಕಳ ತೋಳಿನ ಸುತ್ತಳತೆ ತೆಗೆದ ಗೃಹವಿಜ್ಞಾನದ ಹುಡುಗಿ, ಸ್ವಸಹಾಯ ಸಂಘಗಳ ಸಾಲ ಮರುಪಾವತಿ ಲೆಕ್ಕ ಹಿಡಿದ ವಾಣಿಜ್ಯ ವಿಭಾಗದವರು, ಎಮ್ಮೆ ಹಾಲಿನ ಜಿಡ್ಡು ಅಳೆದ ಪಶುವೈದ್ಯ, ಶಾಸನಗಳಲ್ಲಿ ಕೆರೆಗೆ ಬಿಟ್ಟ ದತ್ತಿಗಳನ್ನು ಪಟ್ಟಿ ಮಾಡಿದ ಇತಿಹಾಸದ ಮೇಷ್ಟ್ರು, ಎಲ್ಲರೂ ಅಕ್ಕಪಕ್ಕ ಕೂತಿರುತ್ತಾರೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಆದರೆ ಒಂದು ತಪ್ಪು ಮಾತ್ರ ಎಲ್ಲ ವಿಭಾಗಗಳಿಂದಲೂ ಬರುತ್ತದೆ. ತಲೆ ಎಣಿಸಿ ‘ಇಷ್ಟು ಸ್ಯಾಂಪಲ್ ಇದೆ ಮೇಡಂ’ ಅನ್ನುವುದು.

ಮೊನ್ನೆ ಬಂದವರು ಶಿಕ್ಷಣ ವಿಭಾಗದ ಸಂಶೋಧನಾರ್ಥಿ. ಏಳನೇ ತರಗತಿಯ ಗಣಿತಕ್ಕೆ ಚಟುವಟಿಕೆ ಆಧಾರಿತ ಪಾಠ ಮಾಡಿದರೆ ಅಂಕ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಎರಡು ಶಾಲೆಗಳಲ್ಲಿ ಹೊಸ ವಿಧಾನ, ಎರಡರಲ್ಲಿ ಹಳೆಯದು, ಒಂದೊಂದರಲ್ಲೂ 100 ಮಕ್ಕಳು. “384 ಇದ್ದರೆ ಸಾಕು ಅಂದಿದ್ದರು ಗೈಡು, ನಾನು 400 ಮಾಡಿದೀನಿ ಮೇಡಂ” ಅಂದರು, ಹೆಮ್ಮೆಯಿಂದ. ಆ ಹೆಮ್ಮೆಗೆ ಅವರು ಅರ್ಹರು. ಪ್ರತಿಯೊಂದು ಉತ್ತರಪತ್ರಿಕೆಯನ್ನೂ ತಾವೇ ತಿದ್ದಿ, ದಪ್ಪ ಫೈಲಿನಲ್ಲಿ ಶಾಲೆವಾರು ದಾರ ಕಟ್ಟಿ ಜೋಡಿಸಿ ತಂದಿದ್ದರು.

384 ಎಂಬುದು ಎಲ್ಲಿಂದ ಬಂತು? 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು ಪ್ರಕಟಿಸಿದ ಒಂದು ಕೋಷ್ಟಕದ ಕೊನೆಯ ಸಾಲು ಅದು. ಹತ್ತು ಲಕ್ಷ ಜನರಿರುವ ಕಡೆ 384 ಮಂದಿಯನ್ನು ಕೇಳಿದರೆ ನೂರರಲ್ಲಿ 95 ಸಲ ಉತ್ತರ ಹೆಚ್ಚೆಂದರೆ ಶೇ 5ರಷ್ಟು ಆಚೀಚೆ ಇರಬಹುದು, ಅಷ್ಟೇ ಎಂದು ಆ ಲೆಕ್ಕ ಹೇಳುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ 384 ಮಂದಿಯನ್ನು ಇಡೀ ಪಟ್ಟಿಯಿಂದ ಚೀಟಿ ಎತ್ತಿದಂತೆ ಒಬ್ಬೊಬ್ಬರನ್ನಾಗಿ ಆರಿಸಿರಬೇಕು. ಕೋಷ್ಟಕವನ್ನು ಜೆರಾಕ್ಸ್ ಮಾಡಿ ಅಂಟಿಸಿದವರಲ್ಲಿ ಆ ಷರತ್ತನ್ನು ಓದಿದವರು ಕಡಿಮೆ. ಮೇಲಾಗಿ ಅದು ಸಮೀಕ್ಷೆಗೆಂದು ಮಾಡಿದ ಕೋಷ್ಟಕ. ಎರಡು ಪಾಠ ವಿಧಾನಗಳನ್ನು ಹೋಲಿಸಲು ಎಷ್ಟು ಮಕ್ಕಳು ಬೇಕು ಎಂಬ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವಲ್ಲ, ಅದು ಆ ಒಂದು ಪಾತ್ರೆಗೆ ಮಾತ್ರ ನಿಜ. ಅದೇ ಪಾತ್ರೆಯ ನೂರು ಅಗುಳು ಹಿಸುಕಿದರೂ ಪಕ್ಕದ ಮನೆಯ ಅನ್ನದ ಸಂಗತಿ ಗೊತ್ತಾಗುವುದಿಲ್ಲ.

ಶಾಲೆಯಲ್ಲೂ ಹೀಗೆಯೇ. ಗಣಿತದ ಮೇಷ್ಟ್ರು ಚೆನ್ನಾಗಿ ಪಾಠ ಮಾಡುವವರಾದರೆ ನೂರು ಮಕ್ಕಳ ಅಂಕವೂ ಒಟ್ಟಿಗೆ ಏರುತ್ತದೆ. ಅವರು ಗಣತಿಗೋ ಚುನಾವಣಾ ಕೆಲಸಕ್ಕೋ ಹೋಗಿ ತಿಂಗಳುಗಟ್ಟಲೆ ತರಗತಿ ತಪ್ಪಿದರೆ ನೂರೂ ಒಟ್ಟಿಗೆ ಇಳಿಯುತ್ತದೆ. ಒಂದೇ ಊರು, ಒಂದೇ ಬಸ್ಸು, ಒಂದೇ ಟ್ಯೂಷನ್. ಹಾಗಾಗಿ ನೂರನೆಯ ಮಗು ಹೇಳುವ ಸಂಗತಿಯಲ್ಲಿ ಬಹುಪಾಲನ್ನು ಮೊದಲ ತೊಂಬತ್ತೊಂಬತ್ತು ಮಕ್ಕಳು ಆಗಲೇ ಹೇಳಿಯಾಗಿರುತ್ತದೆ.

ಇದನ್ನು ಅಂಕಿಯಲ್ಲೇ ನೋಡೋಣ, ಮಾತಿನಲ್ಲಿ ಹೇಳಿದರೆ ತಲೆಯಾಡಿಸಿ ಹೋಗುತ್ತಾರೆ. ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ ಎಂಬುದಕ್ಕೆ ಇಂಟ್ರಾಕ್ಲಾಸ್ ಕೋರಿಲೇಶನ್ ಎಂಬ ಅಳತೆ ಇದೆ. ಸದ್ಯಕ್ಕೆ ಅದು 0.1 ಎಂದಿಟ್ಟುಕೊಳ್ಳೋಣ. ವಿಷಯದಿಂದ ವಿಷಯಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ಅದು ಬದಲಾಗುತ್ತದೆ, ಆದ್ದರಿಂದ ದಯವಿಟ್ಟು 0.1 ಅನ್ನು ನನ್ನ ಹೆಸರಿನಲ್ಲಿ ಥೀಸಿಸ್‌ಗೆ ಹಾಕಬೇಡಿ. ಒಂದು ಶಾಲೆಯ ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದು, 0.1ರಿಂದ ಗುಣಿಸಿ, ಒಂದು ಕೂಡಿಸಿ. 100 ಮಕ್ಕಳಿಗೆ 10.9 ಬರುತ್ತದೆ. ಒಟ್ಟು 400ನ್ನು 10.9ರಿಂದ ಭಾಗಿಸಿದರೆ ಸುಮಾರು 37. ಅಂದರೆ ಅಷ್ಟೊಂದು ಉತ್ತರಪತ್ರಿಕೆ ತಿದ್ದಿದ ಮೇಲೂ ಕೈಯಲ್ಲಿರುವ ಮಾಹಿತಿ 37 ಬಿಡಿ ಮಕ್ಕಳಷ್ಟು. ಅದೇ 400 ಮಕ್ಕಳನ್ನು 20 ಶಾಲೆಗಳಿಂದ ಇಪ್ಪತ್ತಿಪ್ಪತ್ತರಂತೆ ತೆಗೆದಿದ್ದರೆ 138 ಆಗುತ್ತಿತ್ತು. 40 ಶಾಲೆಗಳಿಂದ ಹತ್ತತ್ತು ತೆಗೆದಿದ್ದರೆ 211. ತಿದ್ದುವ ಶ್ರಮ ಮೂರರಲ್ಲೂ ಒಂದೇ.

ಈ 37 ಕೂಡ ಉದಾರವಾದ ಲೆಕ್ಕವೇ. ಏಕೆಂದರೆ ಹೊಸ ವಿಧಾನವನ್ನು ಕೊಟ್ಟದ್ದು ಮಗುವಿಗಲ್ಲ, ಶಾಲೆಗೆ. ಯಾವುದಕ್ಕೆ ‘ಟ್ರೀಟ್‌ಮೆಂಟ್’ ಕೊಟ್ಟಿರಿ, ಅದನ್ನು ಎಣಿಸಬೇಕು. ಹಾಗೆ ಎಣಿಸಿದರೆ ಇಲ್ಲಿ ಹೋಲಿಕೆ ಎರಡು ಶಾಲೆಗೂ ಎರಡು ಶಾಲೆಗೂ ನಡುವೆ.

ವ್ಯವಸಾಯದ ಹುಡುಗರು ಈ ವಿಷಯದಲ್ಲಿ ಮೇಲು. ಆರ್‌ಸಿಬಿಡಿ, ಅಂದರೆ ಹೊಲವನ್ನು ಪಟ್ಟಿಗಳಾಗಿ ಭಾಗಿಸಿ ಪ್ರತಿ ಪಟ್ಟಿಯಲ್ಲೂ ಎಲ್ಲ ಟ್ರೀಟ್‌ಮೆಂಟ್‌ಗಳನ್ನು ಚೀಟಿ ಎತ್ತಿ ಹಂಚುವ ವಿನ್ಯಾಸ, ಅವರಿಗೆ ಬಾಯಿಪಾಠ. ನಾಲ್ಕು ಟ್ರೀಟ್‌ಮೆಂಟ್, ಮೂರು ರೆಪ್ಲಿಕೇಶನ್ (ಪುನರಾವರ್ತನೆ), ಹನ್ನೆರಡು ತಾಕು, ಎರರ್ ಡಿಗ್ರಿ (ದೋಷ ಅಂದಾಜಿಸಲು ಉಳಿಯುವ ಬಿಡಿ ಹೋಲಿಕೆಗಳು) ಆರು ಎಂದು ಕೇಳುವ ಮೊದಲೇ ಹೇಳುತ್ತಾರೆ. ಪ್ರತಿ ತಾಕಿನಲ್ಲಿ ಹತ್ತು ಗಿಡಕ್ಕೆ ಚೀಟಿ ಕಟ್ಟಿ ಎತ್ತರ ಅಳೆದರೂ ಲೆಕ್ಕಕ್ಕೆ ತರುವುದು ಆ ಹತ್ತರ ಸರಾಸರಿಯನ್ನು. ಹೊಲದಲ್ಲಿ ಇಷ್ಟು ಶಿಸ್ತಾಗಿರುವವರೇ ಪಾಲಿಹೌಸ್ ಒಳಗೆ ಕಾಲಿಟ್ಟೊಡನೆ ಎಲ್ಲ ಮರೆಯುತ್ತಾರೆ. ಒಂದು ಪಾಲಿಹೌಸ್, ಒಂದು ಬಯಲು, ಎರಡರಲ್ಲೂ ಅರವತ್ತು ದೊಣ್ಣೆಮೆಣಸಿನ ಗಿಡ. “ಅರವತ್ತು ರೆಪ್ಲಿಕೇಶನ್ ಮೇಡಂ.” ಅಲ್ಲ, ಒಂದೇ.

ರೇಷ್ಮೆಯದು ಇನ್ನೂ ಸ್ಪಷ್ಟ ಉದಾಹರಣೆ. ಹೊಸ ಸೋಂಕು ನಿವಾರಕವೊಂದನ್ನು ಒಂದು ಹುಳು ಮನೆಗೆ ಸಿಂಪಡಿಸಿ, ಇನ್ನೊಂದಕ್ಕೆ ಸಿಂಪಡಿಸದೆ, ಎರಡರಿಂದಲೂ 500 ಗೂಡು ತೂಗಿದ ವಿದ್ಯಾರ್ಥಿಯೊಬ್ಬರು ಬಂದಿದ್ದರು. ಎಸ್‌ಪಿಎಸ್‌ಎಸ್ ಎಂಬ ಲೆಕ್ಕದ ತಂತ್ರಾಂಶಕ್ಕೆ ಹಾಕಿದರೆ ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಕಾಣುವ ಸಂಭವ) 0.000. ಸಂಭ್ರಮ. ನಾನು ಕೇಳಿದ್ದು ಎರಡು ಮನೆಗಳ ಚಾವಣಿ ಎಂಥದ್ದು ಎಂದು. ಒಂದಕ್ಕೆ ಮಂಗಳೂರು ಹೆಂಚು, ಇನ್ನೊಂದಕ್ಕೆ ಶೀಟು, ಅದೂ ಪಡುವಣ ಬಿಸಿಲಿಗೆ ಬಿದ್ದದ್ದು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳು ಸೆಕೆ ತಡೆಯುವುದಿಲ್ಲ, ಸಾಕುವವರಿಗೆಲ್ಲ ಗೊತ್ತು. ಗೂಡಿನ ತೂಕ ಹೆಚ್ಚಿದ್ದು ಔಷಧದಿಂದಲೋ ಹೆಂಚಿನಿಂದಲೋ? 500 ಅಲ್ಲ, 5,000 ಗೂಡು ತೂಗಿದರೂ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಂದು ಹುಳುವಿಗೆ ಹಾಲುತೊಂಡೆ ರೋಗ ಬಂದರೆ ಅದೇ ತಟ್ಟೆಯ ಉಳಿದವಕ್ಕೂ ಹಬ್ಬುತ್ತದೆ. ಒಂದರ ಗತಿ ಇನ್ನೊಂದರ ಗತಿಯೊಂದಿಗೆ ಹೀಗೆ ಹೆಣೆದುಕೊಂಡಿರುವಾಗ ಐನೂರನ್ನೂ ಬಿಡಿ ಬಿಡಿಯಾಗಿ ಹೇಗೆ ಎಣಿಸುವುದು?

ಇದು ನಮ್ಮ ಹುಡುಗರಿಗೆ ಮಾತ್ರ ಅಂಟಿದ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಜೀವವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಪರಿಸರ ವಿಜ್ಞಾನದ 176 ಪ್ರಕಟಿತ ಪ್ರಯೋಗಗಳನ್ನು ಜಾಲಾಡಿದರು. ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದ್ದ ಪ್ರಯೋಗಗಳಲ್ಲಿ ಶೇ 48ರಷ್ಟರಲ್ಲಿ ಇದೇ ದೋಷ ಸಿಕ್ಕಿತು. ಅದಕ್ಕೆ ಅವರು ‘ಸೂಡೊರೆಪ್ಲಿಕೇಶನ್’ (ಹುಸಿ ಪುನರಾವರ್ತನೆ) ಎಂದು ಹೆಸರಿಟ್ಟರು. ದೊಡ್ಡ ದೊಡ್ಡ ಪ್ರಯೋಗಾಲಯದವರೇ ಎಡವಿದ ಜಾಗ ಇದು.

ಇತಿಹಾಸದ ಮೇಷ್ಟ್ರ ವಿಷಯ ಸ್ವಲ್ಪ ಬೇರೆ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳನ್ನು ತಾಲ್ಲೂಕುವಾರು ಓದಿ, ಕೆರೆ ದತ್ತಿಯ ಉಲ್ಲೇಖಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟಿದ್ದರು. ಮುತ್ತಿನಂಥ ಅಕ್ಷರ. ಒಂದು ತಾಲ್ಲೂಕಿನಲ್ಲಿ ದತ್ತಿಗಳು ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ, ಇದಕ್ಕೆ ಕೈ-ಸ್ಕ್ವೇರ್ ಪರೀಕ್ಷೆ (ಈ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಮಾಡಿಕೊಡಿ ಅಂದರು. ಕಾರ್ಡು ತಿರುವಿದರೆ ಹೆಚ್ಚಿನವು ಒಂದೇ ದೇವಸ್ಥಾನದ ಆವರಣದವು, ಅದರಲ್ಲೂ ಒಂದೇ ಮನೆತನ ತಲೆತಲಾಂತರದಿಂದ ಬರೆಸಿದವು. ಅವನ್ನೂ ಬಿಡಿ ಬಿಡಿಯಾಗಿ ಎಣಿಸುವಂತಿರಲಿಲ್ಲ, ನಾನು ಪರೀಕ್ಷೆ ಮಾಡಿಕೊಡಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಆ ಮನೆತನ ಏಕೆ ಅಷ್ಟು ಸಲ ಒಂದೇ ಕೆರೆಗೆ ಭೂಮಿ ಬಿಟ್ಟಿತು ಎಂಬುದೇ ಒಂದು ಒಳ್ಳೆಯ ಅಧ್ಯಾಯ. ಪಿ ಮೌಲ್ಯ ಇಲ್ಲದಿದ್ದರೆ ಸಂಶೋಧನೆಯೇ ಅಲ್ಲ ಎಂಬ ಭಯವನ್ನು ಮಾನವಿಕ ವಿಭಾಗಗಳ ವಿದ್ಯಾರ್ಥಿಗಳಲ್ಲಿ ಯಾರು ಬಿತ್ತಿದರೋ, ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ, ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಆರ್.ಎ. ಫಿಶರ್ ಹೇಳಿದ ಮಾತು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದೆಂದರೆ ಬಹಳ ಸಲ ಶವಪರೀಕ್ಷೆ ಮಾಡಿಸಿದಂತೆ, ಪ್ರಯೋಗ ಯಾವುದರಿಂದ ಸತ್ತಿತು ಎಂದಷ್ಟೇ ಅವನು ಹೇಳಬಲ್ಲ ಎಂದರು. ಈಗಲೂ ಹೆಚ್ಚಿನವರು ನಮ್ಮಲ್ಲಿಗೆ ಬರುವುದು ಕೊನೆಯ ವರ್ಷ, ಥೀಸಿಸ್ ಸಲ್ಲಿಸುವ ದಿನ ಹತ್ತಿರವಾದಾಗ. ಫೆಲೋಶಿಪ್ ನಿಂತಿರುತ್ತದೆ, ಮನೆಯಲ್ಲಿ ಇನ್ನೂ ಮುಗಿಯಲಿಲ್ಲವೇ ಎಂದು ಕೇಳುತ್ತಿರುತ್ತಾರೆ. ಅವರಿಗೆ ಇದನ್ನೆಲ್ಲ ಹೇಳುವಾಗ ನನ್ನ ಗಂಟಲೂ ಕಟ್ಟುತ್ತದೆ.

ಆದರೂ ಕೈಗೆ ಬಂದ ಡೇಟಾ ವ್ಯರ್ಥವಲ್ಲ. ನಾಲ್ಕೇ ಶಾಲೆ ಇದ್ದರೆ ನಾಲ್ಕನ್ನೂ ಬಿಡಿ ಬಿಡಿಯಾಗಿ, ಆಳವಾಗಿ ವರ್ಣಿಸಿ ಬರೆಯಬಹುದು. ಅಂಕಗಳನ್ನು ಶಾಲೆವಾರು ತೋರಿಸಿ, ತರಗತಿಯಲ್ಲಿ ಏನು ಕಂಡಿರಿ ಎಂದು ಹೇಳಿ, ಶೀರ್ಷಿಕೆಯಲ್ಲಿ ‘ಪರಿಣಾಮ’ ಎಂಬ ಪದ ತೆಗೆಯಿರಿ. ವೈವಾದಲ್ಲಿ ಕೇಳಿದರೆ ‘ಇದು ಈ ನಾಲ್ಕು ಶಾಲೆಗಳ ಮಟ್ಟಿಗೆ’ ಎಂದು ನೇರವಾಗಿ ಹೇಳಿ. ಯೋಗ್ಯ ಪರೀಕ್ಷಕರು ಅದಕ್ಕೆ ಗೌರವ ಕೊಡುತ್ತಾರೆ. ಶಾಲೆಗಳು ಹೆಚ್ಚಿದ್ದರೆ ಮಗು, ಶಾಲೆ ಎರಡು ಮಟ್ಟಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಮಲ್ಟಿಲೆವೆಲ್ ಮಾಡೆಲ್‌ನಂಥ ದಾರಿಗಳಿವೆ, ಆದರೆ ನಾಲ್ಕು ಶಾಲೆಗೆ ಅದು ನಿಲ್ಲುವುದಿಲ್ಲ. ನಿಮ್ಮ ವಿಷಯದ ಒಳಹೊರಗು ನಿಮ್ಮ ಗೈಡ್‌ಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೊನೆಯ ತೀರ್ಮಾನ ಅವರೊಂದಿಗೆ ಕೂತು ಮಾಡಿ.

ಇನ್ನೂ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಹಂತದಲ್ಲಿರುವವರು ಪ್ರಶ್ನಾವಳಿ ಅಚ್ಚು ಹಾಕಿಸುವ ಮುಂಚೆ ಬನ್ನಿ. ಲ್ಯಾಪ್‌ಟಾಪ್ ಬೇಡ, ಒಂದು ಹಾಳೆ ಸಾಕು. ಯಾವುದಕ್ಕೆ ಏನು ಕೊಡುತ್ತೀರಿ, ಅಂಥವು ಎಷ್ಟಿವೆ, ಅವನ್ನು ಯಾರು ಹೇಗೆ ಆರಿಸುತ್ತಾರೆ ಎಂದು ಬರೆದು ತನ್ನಿ. ಶಾಲೆಗಳಾದರೆ ತಾಲ್ಲೂಕಿನ ಪೂರ್ತಿ ಪಟ್ಟಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಸಿಗುತ್ತದೆ, ಅದನ್ನೂ ತನ್ನಿ, ಚೀಟಿ ಎತ್ತುವುದನ್ನು ನನ್ನ ಕೋಣೆಯಲ್ಲೇ ಮಾಡೋಣ. ಇಪ್ಪತ್ತು ಶಾಲೆ ಸುತ್ತುವುದು ಕಷ್ಟ ಎಂದು ಗೊತ್ತಿದೆ. ಒಂದೊಂದರಲ್ಲಿ ಇಪ್ಪತ್ತೇ ಮಕ್ಕಳಾದರೆ ದಿನಕ್ಕೆ ಎರಡು ಶಾಲೆ ಮುಗಿಸಬಹುದು. ಅನುಮತಿ ಪತ್ರಕ್ಕೆ ಜೂನ್‌ನಲ್ಲೇ ಅರ್ಜಿ ಕೊಡಿ, ಪರೀಕ್ಷೆಗಳು ಶುರುವಾದರೆ ಯಾವ ಮುಖ್ಯೋಪಾಧ್ಯಾಯರೂ ತರಗತಿ ಬಿಟ್ಟುಕೊಡುವುದಿಲ್ಲ.