ತೊಗಲು ಕೆಡದ ಹಾಗೆ ಹೊಡೆಯಲು ಯಾವ ಗುಂಡು?

ನನ್ನ ಕೆಲಸ ತೊಗಲು ಸುಲಿಯುವುದು, ತೂತು ಹೊಲಿಯುವುದು, ಹಲಗೆಗೆ ಏರಿಸಿ ಒಣಗಿಸುವುದು. ಬೇಟೆಗಾರರು ಗುಂಡನ್ನು ನಳಿಗೆಯ ಕಡೆಯಿಂದ ನೋಡುತ್ತಾರೆ. ನಾನು ನೋಡುವುದು ತೊಗಲಿನ ಒಳಬದಿಯಿಂದ. ಉತ್ತರ ಅಮೆರಿಕದಲ್ಲಿ ಚಳಿ ಬಲಿತು ತೋಳದ ಬಳಗದ ಕಯೋಟಿ, ಕೆಂಪು ನರಿ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳ ತುಪ್ಪಳ ದಟ್ಟವಾಗುತ್ತಿದ್ದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ತುಪ್ಪಳ ಉಳಿಯಬೇಕು, ಪ್ರಾಣಿ ನಿಂತಲ್ಲೇ ಬೀಳಬೇಕು, ಯಾವ ಕಾಡತೂಸು ತಗೊಳ್ಳಲಿ?

ಕಾಡತೂಸಿನ ಹೆಸರು ಹೇಳುವ ಮೊದಲು ನಾನು ಬೇರೆಯದೇ ಕೇಳುತ್ತೇನೆ. ಗುಂಡು ಎಲ್ಲಿ ನಿಲ್ಲಬೇಕು ಅಂತ ಯೋಚನೆ ಮಾಡಿದ್ದೀರಾ?

ಒಳಗೆ ಹೋದ ತೂತಿನಿಂದ ತೊಗಲು ಕೆಡುವುದು ಅಪರೂಪ. ಕೆಡಿಸುವುದು ಆಚೆ ಬಂದ ತೂತು. ಎದೆಯೊಳಗೆ ಅರಳಿದ ಗುಂಡು ಪಕ್ಕೆಲುಬಿನ ಚೂರುಗಳನ್ನೂ ತಳ್ಳಿಕೊಂಡು ಆಚೆ ಬದಿಯಿಂದ ಹೊರಬಿದ್ದರೆ ಅಂಗೈ ಅಗಲದ ಹರಕು ಆಗಬಹುದು. ಇದಕ್ಕೆ ಉಲ್ಟಾ ಆಗುವ ಹಾಳು ಇನ್ನೊಂದಿದೆ. ಗುಂಡು ತೀರಾ ಪುಡಿಯಾಗುವ ಜಾತಿಯದಾಗಿದ್ದು ಭುಜದ ಮೂಳೆಗೆ ಬಿದ್ದರೆ, ಒಳಗೆ ಹೋಗುವ ಮೊದಲೇ ಸಿಡಿಯುತ್ತದೆ. ತೊಗಲು ಹೊರಗಡೆಯೇ ಚಿಂದಿ. ಪ್ರಾಣಿ ಸಾಯುವುದೂ ಇಲ್ಲ, ಗಾಯಗೊಂಡು ಓಡುತ್ತದೆ. ಅದು ಬರೀ ತೊಗಲಿನ ನಷ್ಟ ಅಲ್ಲ, ಹಿಂಸೆ.

ನಮಗೆ ಬೇಕಾದ್ದು ಇವೆರಡರ ನಡುವಿನದು. ಪಕ್ಕೆಲುಬು ದಾಟಿ ಒಳಗೆ ಹೋಗಬೇಕು, ಶ್ವಾಸಕೋಶದಲ್ಲಿ ಪುಡಿಯಾಗಬೇಕು, ಆಚೆ ಬದಿಯ ತೊಗಲು ಮುಟ್ಟುವಷ್ಟರಲ್ಲಿ ಸುಸ್ತಾಗಿರಬೇಕು. ಜಾಗ ಎಷ್ಟು ಕಮ್ಮಿ ನೋಡಿ. ಚಳಿಗಾಲದ ಕಯೋಟಿ ದಪ್ಪಗೆ ಕಾಣುವುದು ಕೂದಲಿನಿಂದ. ಸುಲಿದ ಮೇಲೆ ಅದರ ಎದೆ ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ಗೇಣೂ ಇರುವುದಿಲ್ಲ. ನರಿಗೆ ಇನ್ನೂ ಕಮ್ಮಿ. ಅಷ್ಟರೊಳಗೆ ಗುಂಡು ತನ್ನ ಕೆಲಸವೆಲ್ಲ ಮುಗಿಸಬೇಕು.

ಅದಕ್ಕೇ ಇಲ್ಲಿ ಹಗುರ ಗುಂಡು, ಜಾಸ್ತಿ ವೇಗ, ತೆಳು ಹೊದಿಕೆ (ಸೀಸದ ತಿರುಳಿನ ಮೇಲಿನ ತಾಮ್ರದ ಪದರ) ಗೆಲ್ಲುತ್ತವೆ. 1971ರಲ್ಲಿ ಬಂದ .17 ರೆಮಿಂಗ್ಟನ್ ಇದಕ್ಕೆ ಹಳೆಯ ಉದಾಹರಣೆ (ಕಾಡತೂಸಿನ ಹೆಸರಿನ ಮೊದಲ ಅಂಕಿ ಹೆಚ್ಚುಕಮ್ಮಿ ಗುಂಡಿನ ಅಗಲ, ಇಂಚಿನಲ್ಲಿ). ಗುಂಡಿನ ತೂಕ 25 ಗ್ರೇನ್, ಅಂದರೆ ಸುಮಾರು 1.6 ಗ್ರಾಂ. ವೇಗ ಸೆಕೆಂಡಿಗೆ 4,000 ಅಡಿಯ ಆಸುಪಾಸು. ಇದರಿಂದ ಹೊಡೆದ ನರಿ ಮೇಜಿಗೆ ಬಂದಾಗ ಒಳಹೋದ ತೂತು ಹುಡುಕುವುದೇ ಒಂದು ಕೆಲಸ. ಕೂದಲನ್ನು ಊದಿ ಊದಿ ಬಿಡಿಸಿ ನೋಡಬೇಕು. ಎಷ್ಟೋ ಸಲ ಸುಲಿದ ಮೇಲೆಯೇ ಒಳಬದಿಯಲ್ಲಿ ಕಪ್ಪುಗಟ್ಟಿದ ರಕ್ತದ ಸಣ್ಣ ಉಂಗುರ, ಅದರ ನಡುವೆ ಒಂದು ಚುಕ್ಕೆ ಸಿಗುತ್ತದೆ. ಎದೆಯೊಳಗೆ ಮಾತ್ರ ಎಲ್ಲ ಕಲಸಿಹೋಗಿರುತ್ತದೆ. ಆದರೆ ಸಣ್ಣ ನಳಿಗೆ ಬೇಗ ಗಲೀಜಾಗುತ್ತದೆ, ಒರೆಸಲು ಬೇಸರ ಪಡುವವರಿಗೆ ಇದು ಸರಿಹೋಗುವುದಿಲ್ಲ. ಕಾಡತೂಸು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಗಾಳಿ ಬೀಸಿದರೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ಬಯಲಲ್ಲಿ ಗಾಳಿ ಇಲ್ಲದ ದಿನ ಯಾವುದು ಹೇಳಿ!

ಒಂದನ್ನೇ ಹೇಳಿ ಅಂದರೆ ನಾನು ಹೇಳುವುದು .204 ರೂಗರ್. 2004ರಲ್ಲಿ ಹಾರ್ನಡಿ ಮತ್ತು ರೂಗರ್ ಕಂಪನಿಗಳು ಸೇರಿ ತಂದದ್ದು, .222 ರೆಮಿಂಗ್ಟನ್ ಮ್ಯಾಗ್ನಮ್ ಕಾಡತೂಸಿನ ಹಿತ್ತಾಳೆ ಕವಚದ ಬಾಯನ್ನು ಕಿರಿದು ಮಾಡಿ. 32 ಗ್ರೇನ್ ಗುಂಡು ಸೆಕೆಂಡಿಗೆ 4,225 ಅಡಿ ಹೋಗುತ್ತದೆ, 40 ಗ್ರೇನ್ ಆದರೆ 3,900. 200 ಗಜಕ್ಕೆ ಗುರಿ ಹೊಂದಿಸಿಟ್ಟರೆ 100 ಗಜದಲ್ಲಿ ಅರ್ಧ ಇಂಚಿನಷ್ಟು ಮೇಲೆ, 300 ಗಜದಲ್ಲಿ ನಾಲ್ಕು ಇಂಚಿನ ಆಸುಪಾಸು ಕೆಳಗೆ. ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಒದೆತ ಕಮ್ಮಿ ಇರುವುದರಿಂದ ಗುಂಡು ಬಿದ್ದದ್ದು ಸ್ಕೋಪಿನಲ್ಲೇ ಕಾಣುತ್ತದೆ. ನರಿಗೆ 32 ಸಾಕು. ಕಯೋಟಿಗೆ ನಾನು 40 ಅನ್ನುತ್ತೇನೆ, ಯಾಕೆಂದರೆ 32 ಗ್ರೇನ್ ಗುಂಡು ಮೂಳೆಗೆ ತಾಗಿ ಮೇಲೇ ಸಿಡಿದ ತೊಗಲುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

.17 ಎಚ್‌ಎಂಆರ್ ಇದೆಯಲ್ಲ, ಅದು ಸಾಲದಾ ಅಂತ ಕೇಳುವವರು ತುಂಬಾ ಜನ. 2002ರ ಈ ಸಣ್ಣ ರಿಮ್‌ಫೈರ್ (ಬುಡದ ಅಂಚಿಗೆ ಹೊಡೆದರೆ ಸಿಡಿಯುವ ಕಾಡತೂಸು) ತುಂಬಾ ಕರಾರುವಾಕ್ಕು, ಸದ್ದೂ ಕಮ್ಮಿ. 17 ಗ್ರೇನ್ ಗುಂಡು 2,550 ಅಡಿ ವೇಗದಲ್ಲಿ ಹೊರಡುತ್ತದೆ, 100 ಗಜ ತಲುಪುವಾಗ 1,900ಕ್ಕೆ ಇಳಿದಿರುತ್ತದೆ. ಹೊರಟಾಗ ಇದ್ದ ಶಕ್ತಿಯಲ್ಲಿ ಅರ್ಧಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ ಉಳಿಯುತ್ತದೆ. ಹತ್ತಿರಕ್ಕೆ ಬಂದ ನರಿಗೆ ಸರಿ. 12–15 ಕಿಲೋ ತೂಗುವ ಕಯೋಟಿಗೆ ಬೇಡ. ಸುಮ್ನೆ ಗಾಯ ಮಾಡಿ ಕಳಿಸಿದ ಹಾಗಾಗುತ್ತದೆ. ಸಣ್ಣದೇ ಬೇಕು ಅಂದರೆ .17 ಹಾರ್ನೆಟ್ ನೋಡಿ. 20 ಗ್ರೇನ್, 3,650 ಅಡಿ. ಬೇಟೆಪ್ರಾಣಿಯ ಕೂಗನ್ನು ಅನುಕರಿಸಿ 150 ಗಜದೊಳಗೆ ಕರೆದು ಹೊಡೆಯುವವರಿಗೆ ಚೆನ್ನಾಗಿದೆ.

ಬಹಳಷ್ಟು ಜನರ ಕೈಯಲ್ಲಿ ಇರುವುದು .223 ರೆಮಿಂಗ್ಟನ್. ಅದನ್ನು ಮಾರಿ ಹೊಸದು ತಗೊಳ್ಳಿ ಅಂತ ನಾನು ಹೇಳುವುದಿಲ್ಲ. 55 ಗ್ರೇನ್ ಗುಂಡು 3,240 ಅಡಿ ವೇಗ, ಎಲ್ಲೆಲ್ಲೂ ಸಿಗುತ್ತದೆ. ತುಪ್ಪಳದ ಲೆಕ್ಕದಲ್ಲಿ ಇದರ ಹಣೆಬರಹ ಪೂರ್ತಿ ಗುಂಡಿನ ಜಾತಿಯ ಮೇಲೆ ನಿಂತಿದೆ. ಪ್ಲಾಸ್ಟಿಕ್ ತುದಿಯ, ತೆಳು ಹೊದಿಕೆಯ 40 ಅಥವಾ 50 ಗ್ರೇನ್ ಗುಂಡು ಹಾಕಿದರೆ ಹೆಚ್ಚಿನ ಸಲ ಒಳಗೇ ಉಳಿಯುತ್ತದೆ. ಜಿಂಕೆಗೆಂದು ಮಾಡಿದ ಗಟ್ಟಿ ಗುಂಡು ಹಾಕಿದರೆ ಆಚೆ ಬರುತ್ತದೆ.

ಹಳೆಯ ಪಡೆಯವರು .22-250 ಬಿಟ್ಟುಕೊಡುವುದಿಲ್ಲ. ಅದೇ 55 ಗ್ರೇನ್ ಗುಂಡನ್ನು ಇದು 3,680 ಅಡಿ ವೇಗದಲ್ಲಿ ತಳ್ಳುತ್ತದೆ. 100 ಗಜ ದಾಟುವ ಹೊತ್ತಿಗೆ ಆ ಗುಂಡಿಗೆ ಹೆಚ್ಚುಕಮ್ಮಿ .223ರ ನಳಿಗೆಯ ಬಾಯಲ್ಲಿರುವಷ್ಟೇ ವೇಗ. ಅಂದರೆ ತೊಗಲಿನ ಕಣ್ಣಿಗೆ .22-250 ಅಂದರೆ ನೂರು ಗಜ ಹತ್ತಿರ ಬಂದು ಹೊಡೆದ .223. ದೂರದ ಗುರಿಗೆ ಇದು ವರ. ಆದರೆ ಕರೆಗೆ ಓಗೊಟ್ಟು ಬರುವ ಕಯೋಟಿ ಎಷ್ಟೋ ಸಲ 50–60 ಗಜಕ್ಕೆ ಬಂದು ನಿಲ್ಲುತ್ತದೆ, ಆಗ ವೇಗವೆಲ್ಲ ಹಾಗೇ ಇರುತ್ತದೆ. ಅಲ್ಲಿ ತಪ್ಪಿ ಭುಜಕ್ಕೆ ಬಿದ್ದರೆ ಹೊಲಿಗೆಗೂ ಬರದ ತೊಗಲು ನನ್ನ ಮುಂದೆ ಬೀಳುತ್ತದೆ. .243 ವಿಂಚೆಸ್ಟರ್‌ನಲ್ಲಿ ವಿಚಿತ್ರ ಒಂದಿದೆ: 58 ಗ್ರೇನ್‌ನ ಹಗುರ ಗುಂಡು ಹರಿದು ಹಾಕುತ್ತದೆ, ಅದೇ 100 ಗ್ರೇನ್‌ನ ಜಿಂಕೆ ಗುಂಡು ಮೂಳೆಗೆ ತಾಗದಿದ್ದರೆ ಸಾಧಾರಣ ತೂತಷ್ಟೇ ಮಾಡಿ ಆಚೆ ಹೋಗುವುದುಂಟು.

ಇದನ್ನು ಕೇಳಿದವರು ತಕ್ಷಣ ಹಾಗಾದರೆ ಫುಲ್ ಮೆಟಲ್ ಜಾಕೆಟ್ (ತುದಿಯೂ ಸೇರಿ ಗಟ್ಟಿ ಲೋಹದ ಹೊದಿಕೆಯ, ಅರಳದ ಗುಂಡು) ಹಾಕೋಣ, ಸಣ್ಣ ತೂತು ಬೀಳುತ್ತದೆ ಅಲ್ವಾ ಅನ್ನುತ್ತಾರೆ. ನನಗೆ ಈ ಸಲಹೆ ಒಂದು ಚೂರೂ ಇಷ್ಟವಿಲ್ಲ. ಆ ಗುಂಡು ಸದಾ ನೆಟ್ಟಗೆ ಹೋಗುವುದಿಲ್ಲ. ಮೈಯೊಳಗೆ ಮಗುಚಿಕೊಂಡರೆ ಅಡ್ಡಡ್ಡ ಹೊರಬರುತ್ತದೆ, ವೇಗ ಜಾಸ್ತಿ ಇದ್ದರೆ ತುಂಡಾಗುವುದೂ ಉಂಟು. ನೆಟ್ಟಗೆ ಹೋದರೆ ಪ್ರಾಣಿ ಬೇಗ ಸಾಯದೆ ಓಡಿಹೋಗುತ್ತದೆ. ಪ್ರಾಣಿಯ ಹಿಂದಿನ ನೆಲಕ್ಕೆ ಬಿದ್ದು ಎತ್ತಲೋ ಚಿಮ್ಮುವ ಅಪಾಯವೂ ಇದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಬೇಟೆಗೆ ಇದನ್ನು ಬಳಸುವಂತೆಯೇ ಇಲ್ಲ.

ನಳಿಗೆಯ ಟ್ವಿಸ್ಟ್, ಅಂದರೆ ಗುಂಡನ್ನು ಸುತ್ತಿಸುವ ಒಳಗಿನ ಸುರುಳಿ ಗೀರುಗಳ ತಿರುವಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. 3,200 ಅಡಿ ವೇಗದಲ್ಲಿ ಹೊರಟ ಗುಂಡು 12 ಇಂಚಿಗೆ ಒಂದು ಸುತ್ತಿನ ನಳಿಗೆಯಲ್ಲಿ ನಿಮಿಷಕ್ಕೆ 1,92,000 ಸುತ್ತು ಸುತ್ತುತ್ತದೆ. 8 ಇಂಚಿಗೆ ಒಂದು ಸುತ್ತಿನ ನಳಿಗೆಯಲ್ಲಿ 2,88,000. ಜಾಸ್ತಿ ಸುತ್ತಿದಷ್ಟೂ ತೆಳು ಹೊದಿಕೆ ಇನ್ನೂ ಬೇಗ ಬಿಚ್ಚಿಕೊಳ್ಳುತ್ತದೆ. ಒಂದೇ ಡಬ್ಬದ ಕಾಡತೂಸು ನಿಮ್ಮ ಬಂದೂಕಿನಲ್ಲಿ ಒಂದು ಥರ, ಗೆಳೆಯನ ಬಂದೂಕಿನಲ್ಲಿ ಇನ್ನೊಂದು ಥರ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಡಬ್ಬದ ಮೇಲಿನ ಮಾತಿಗಿಂತ ನಿಮ್ಮ ಮೊದಲ ತೊಗಲಿನ ಒಳಬದಿಯನ್ನು ನಂಬಿ.

ಎಲ್ಲಿ ಹೊಡೆಯಬೇಕು ಎಂಬುದು ಕಾಡತೂಸಿಗಿಂತ ದೊಡ್ಡದು. ಪ್ರಾಣಿ ಪಕ್ಕಕ್ಕೆ ನಿಂತಿದ್ದರೆ ಭುಜದ ಮೂಳೆಯ ಹಿಂದೆ, ಪಕ್ಕೆಲುಬಿನ ಮೇಲೆ. ಎದುರಿಗೆ ಕೂತು ನಿಮ್ಮನ್ನೇ ನೋಡುತ್ತಿದ್ದರೆ ಕತ್ತಿನ ಬುಡ, ಎದೆಯ ನಡುವೆ. ನನಗೆ ಅತಿ ಇಷ್ಟವಾದ ಗುರಿ ಇದು. ಗುಂಡಿಗೆ ಮೈಯುದ್ದಕ್ಕೂ ಹೋಗಲು ಜಾಗ ಇರುವುದರಿಂದ ಆಚೆ ಬರುವುದು ಕಮ್ಮಿ, ತೂತೂ ಬೆನ್ನಿನ ಮೇಲಲ್ಲ. ಕೊಳ್ಳುವವರು ಮೊದಲು ನೋಡುವುದು ಬೆನ್ನು ಮತ್ತು ಪಕ್ಕ. ಓರೆಯಾಗಿ ನಿಂತಿದ್ದರೆ ಸ್ವಲ್ಪ ಕಾಯಿರಿ. ಓರೆ ಗುಂಡು ಹೊಟ್ಟೆ ಹರಿದರೆ ಒಳಗಿನ ಗಲೀಜೆಲ್ಲ ತುಪ್ಪಳಕ್ಕೆ ಮೆತ್ತಿಕೊಳ್ಳುತ್ತದೆ.

ಬಿದ್ದ ತಕ್ಷಣ ಮಾಡಬೇಕಾದ್ದು ಸುಲಭ. ತೂತಿಗೆ ಕಾಗದವನ್ನೋ ಹತ್ತಿಯನ್ನೋ ತುರುಕಿ, ರಕ್ತ ತುಪ್ಪಳಕ್ಕೆ ಇಳಿಯದ ಹಾಗೆ ನೋಡಿಕೊಳ್ಳಿ. ಇಳಿದಿದ್ದರೆ ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರು ಬೇಡ. ತೂತಿನ ಅಂಚನ್ನು ಉದ್ದಕ್ಕೆ, ಬಾದಾಮಿ ಆಕಾರಕ್ಕೆ ಕತ್ತರಿಸಿ ಒಳಬದಿಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿ. ದುಂಡಗೆ ಬಿಟ್ಟು ಹೊಲಿದರೆ ಎರಡು ತುದಿಯಲ್ಲೂ ಸುಕ್ಕು ನಿಲ್ಲುತ್ತದೆ. ಹೊಲಿಯುವುದು ಹಲಗೆಗೆ ಏರಿಸುವ ಮೊದಲು, ತೊಗಲು ಹಸಿಯಾಗಿರುವಾಗಲೇ. ಒಣಗಿದ ಮೇಲೆ ತೂತು ಎಳೆದುಕೊಂಡು ಅಗಲವಾಗಿರುತ್ತದೆ, ಸೂಜಿ ಹಾಕಿದಲ್ಲೆಲ್ಲ ಹರಿಯುತ್ತದೆ.

ಕಾಡತೂಸು ಕೊಳ್ಳುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಸುಲಿದುಳಿದ ಮೈಯನ್ನು ಹದ್ದುಗಳು ತಿನ್ನುತ್ತವೆ, ಸೀಸದ ಪುಡಿ ಅವುಗಳ ಹೊಟ್ಟೆಗೆ ಹೋಗುತ್ತದೆ. ಪುಡಿಯಾಗುವ ಗುಂಡಿನಲ್ಲಿ ಆ ಪುಡಿಯೂ ಜಾಸ್ತಿಯೇ. ಸೀಸವಿಲ್ಲದ, ತಾಮ್ರ–ತವರದ ಪುಡಿಯನ್ನು ಒತ್ತಿ ಮಾಡಿದ ತಿರುಳಿನ ಗುಂಡುಗಳು ಈಗ ಸಿಗುತ್ತವೆ, ಮೈಯೊಳಗೆ ಅವೂ ಚೆನ್ನಾಗಿ ಪುಡಿಯಾಗುತ್ತವೆ. ಅದೇ ತೂಕದ ಸೀಸದ ಗುಂಡಿಗಿಂತ ಉದ್ದ ಇರುತ್ತವೆ, ಹಾಗಾಗಿ ನಿಮ್ಮ ನಳಿಗೆಯ ಟ್ವಿಸ್ಟ್‌ಗೆ ಅವು ಹೊಂದುತ್ತವೆಯೇ ಎಂದು ಕಾಗದದ ಗುರಿಯ ಮೇಲೆ ಹೊಡೆದು ನೋಡಿ. ಕಾಗದದಲ್ಲಿ ತೂತು ದುಂಡಗಿರದೆ ಉದ್ದಕ್ಕೆ ಬಿದ್ದಿದ್ದರೆ ಆ ಡಬ್ಬ ನಿಮ್ಮ ಬಂದೂಕಿಗೆ ಅಲ್ಲ.