ಬಸುರಿಯ ತೂಕ: ಚೀನಾ ತನ್ನದೇ ಅಳತೆ ಮಾಡಿಕೊಂಡದ್ದೇಕೆ?

ಎತ್ತರ 160 ಸೆಂಟಿಮೀಟರ್, ಗರ್ಭ ನಿಲ್ಲುವ ಮುನ್ನ ತೂಕ 63 ಕಿಲೋ. ಇಂಥ ಒಬ್ಬ ಚೀನೀ ಹೆಣ್ಣುಮಗಳ ತೂಕ ಹೆರಿಗೆಯ ಹೊತ್ತಿಗೆ ಎಷ್ಟು ಏರಿರಬೇಕು? ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 11.5ರಿಂದ 16 ಕಿಲೋ. ಚೀನಾದ ರಾಷ್ಟ್ರೀಯ ಆರೋಗ್ಯ ಆಯೋಗ 2022ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ 7ರಿಂದ 11 ಕಿಲೋ. ಒಂದು ಕೋಷ್ಟಕದ ಗರಿಷ್ಠ ಮಿತಿ ಇನ್ನೊಂದರ ಕನಿಷ್ಠ ಮಿತಿಯನ್ನೂ ಮುಟ್ಟುವುದಿಲ್ಲ.

ವ್ಯತ್ಯಾಸದ ಬೇರು ಬಿಎಂಐ ಲೆಕ್ಕದಲ್ಲಿದೆ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈಕೆಯ ಬಿಎಂಐ 24.6. ಅಮೆರಿಕದಲ್ಲಿ 25 ಮುಟ್ಟುವವರೆಗೂ ಸಹಜ ತೂಕ. ಚೀನಾದಲ್ಲಿ 24ಕ್ಕೇ ಅಧಿಕ ತೂಕ, 28ಕ್ಕೆ ಬೊಜ್ಜು. ಏಷ್ಯಾದ ಜನರಿಗೆ ಅದೇ ಬಿಎಂಐನಲ್ಲಿ ಯುರೋಪಿಯನ್ನರಿಗಿಂತ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು. ಮಧುಮೇಹ ಕಡಿಮೆ ತೂಕದಲ್ಲೇ ತಲೆ ಹಾಕುತ್ತದೆ. ಭಾರತೀಯರಾದ ನಮ್ಮ ಮೈಗುಣವೂ ಇದೇ. ಆದರೂ ಚೀನಾದ ಅನೇಕ ವೈದ್ಯರು ವರ್ಷಗಟ್ಟಲೆ ಅಮೆರಿಕದ ಕೋಷ್ಟಕವನ್ನೇ ನೆಚ್ಚಿಕೊಂಡಿದ್ದರು, ಏಕೆಂದರೆ ಕೈಗೆ ಸಿಗುವಂತಿದ್ದದ್ದು ಅದೊಂದೇ. ಬೇರೆಯವರ ಮೈಗೆ ಹೊಲಿದ ಅಂಗಿಯನ್ನು ಕೋಟ್ಯಂತರ ಬಸುರಿಯರಿಗೆ ತೊಡಿಸಿದಂತಾಗಿತ್ತು ಇದು. ಸ್ವಂತ ಮಾನದಂಡ ಇನ್ನೂ ಮೊದಲೇ ಬರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಸುರಿಯ ಮೈಯಲ್ಲಿ ಏರುವ ತೂಕವೆಲ್ಲ ಕೊಬ್ಬಲ್ಲ. ಹನ್ನೆರಡೂವರೆ ಕಿಲೋ ಏರಿತು ಎಂದುಕೊಳ್ಳಿ. ಅದರಲ್ಲಿ ಮಗು ಸುಮಾರು ಮೂರೂಕಾಲು ಕಿಲೋ. ಮಾಸು, ಗರ್ಭಜಲ, ಹಿಗ್ಗಿದ ಗರ್ಭಕೋಶ ಸೇರಿ ಎರಡೂವರೆಯ ಆಸುಪಾಸು. ಹೆಚ್ಚಿದ ರಕ್ತ, ಅಂಗಾಂಶಗಳಲ್ಲಿ ತುಂಬಿಕೊಳ್ಳುವ ನೀರು, ಸ್ತನಗಳ ಬೆಳವಣಿಗೆ ಸೇರಿದರೆ ಇನ್ನೂ ಮೂರೂಕಾಲು. ಉಳಿದದ್ದು ತಾಯಿ ಕೂಡಿಟ್ಟುಕೊಳ್ಳುವ ಕೊಬ್ಬು. ಹಾಲೂಡಿಸುವ ತಿಂಗಳುಗಳಿಗೆ ದೇಹ ಮಾಡಿಕೊಳ್ಳುವ ದಾಸ್ತಾನು. ಮೊದಲೇ ದಾಸ್ತಾನು ಇರುವವರಿಗೆ ಅಷ್ಟೊಂದು ಬೇಕಾಗುವುದಿಲ್ಲ. ಹಾಗಾಗಿಯೇ ಚೀನಾದ ಮಾನದಂಡ ತೆಳ್ಳಗಿರುವವರಿಗೆ 11ರಿಂದ 16 ಕಿಲೋ, ಸಹಜ ತೂಕದವರಿಗೆ 8ರಿಂದ 14, ಬೊಜ್ಜಿನವರಿಗೆ 5ರಿಂದ 9 ಕಿಲೋ ಎನ್ನುತ್ತದೆ. ಅವಳಿ ಮಕ್ಕಳ ತಾಯಂದಿರಿಗೆ ಈ ಲೆಕ್ಕ ಅನ್ವಯಿಸದು.

ಮಿತಿ ಮೀರಿದರೆ ಏನಾಗುತ್ತದೆ? ಗರ್ಭದ ನಡುಘಟ್ಟದಿಂದ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್‌ನ ಪ್ರಭಾವವನ್ನು ಕುಗ್ಗಿಸುತ್ತವೆ. ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲೆಂದು ದೇಹ ಹೂಡುವ ಉಪಾಯ ಇದು. ಕೊಬ್ಬು ಹೆಚ್ಚಿರುವ ಮೈಯಲ್ಲಿ ಇನ್ಸುಲಿನ್ ಮೊದಲೇ ಸೋತಿರುತ್ತದೆ. ಈಗ ರಕ್ತದ ಸಕ್ಕರೆ ಹಿಡಿತ ತಪ್ಪುತ್ತದೆ. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ, ಆದರೆ ಅವಳ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಇನ್ಸುಲಿನ್ ತಯಾರಿಸುತ್ತದೆ. ಆ ಇನ್ಸುಲಿನ್ ಮಗುವಿನ ಬೆಳವಣಿಗೆಗೂ ಕುಮ್ಮಕ್ಕು ಕೊಟ್ಟು, ಭುಜ, ಹೊಟ್ಟೆಗಳಲ್ಲಿ ಕೊಬ್ಬು ತುಂಬಿಸುತ್ತದೆ. ನಾಲ್ಕು ಕಿಲೋ ಮೀರಿದ ಮಗುವಿನ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಸಿಸೇರಿಯನ್ ಪ್ರಮಾಣ 2014ರಲ್ಲೇ ಶೇ. 35ರಷ್ಟು ಮುಟ್ಟಿದ್ದ ಚೀನಾಕ್ಕೆ ಇದು ಸಣ್ಣ ಚಿಂತೆಯಲ್ಲ.

ಇಷ್ಟಾಗಿಯೂ ಮನೆಯ ಅಡುಗೆಮನೆಗೆ ತನ್ನದೇ ಶಾಸ್ತ್ರವಿದೆ. ಒಬ್ಬಳು ತಿಂದರೆ ಇಬ್ಬರಿಗೆ ಪುಷ್ಟಿ ಎಂಬುದು ಅಲ್ಲಿನ ಹಳೆಯ ಮಾತು. ಕೋಳಿ ಸಾರು, ಹಂದಿಯ ಪಕ್ಕೆಲುಬಿನ ಸಾರು, ಹಣ್ಣಿನ ಬುಟ್ಟಿ ಬಸುರಿಯ ಮುಂದೆ ಬರುತ್ತಲೇ ಇರುತ್ತವೆ. 1959ರಿಂದ 1961ರವರೆಗಿನ ಭೀಕರ ಕ್ಷಾಮವನ್ನು ಕಂಡ ಅಜ್ಜಿಯರು ಮೊಮ್ಮಗಳ ತಟ್ಟೆ ಖಾಲಿಯಾಗಲು ಬಿಡದಿರುವುದನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಆದರೆ ಚೀನಾದ 2013ರ ಪೌಷ್ಟಿಕಾಂಶ ಮಾನದಂಡ ಮೊದಲ ತ್ರೈಮಾಸಿಕದಲ್ಲಿ ಒಂದು ಕ್ಯಾಲೊರಿಯನ್ನೂ ಹೆಚ್ಚಿಗೆ ಕೇಳಲಿಲ್ಲ; ಎರಡನೆಯದರಲ್ಲಿ ದಿನಕ್ಕೆ 300, ಮೂರನೆಯದರಲ್ಲಿ 450 ಸಾಕೆಂದಿತು. ಮುನ್ನೂರು ಕ್ಯಾಲೊರಿ ಎಂದರೆ ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಸೇಬು.

ಮಿತಿಯ ಕೆಳತುದಿಯೂ ಅಷ್ಟೇ ಮುಖ್ಯ. ತೆಳ್ಳಗಿರುವುದೇ ಚೆಲುವೆಂದು ನಂಬಿದ ನಗರದ ಯುವತಿಯರು ಗರ್ಭಿಣಿಯಾದಾಗಲೂ ಊಟಕ್ಕೆ ಕತ್ತರಿ ಹಾಕಿದರೆ, ಮಗು ಕಡಿಮೆ ತೂಕದಲ್ಲಿ ಇಲ್ಲವೇ ಅವಧಿಗೆ ಮೊದಲೇ ಹುಟ್ಟುವ ಸಂಭವ ಏರುತ್ತದೆ. ಬೊಜ್ಜಿನವರಿಗೂ ಕನಿಷ್ಠ 5 ಕಿಲೋ ಎಂದಿರುವುದನ್ನು ಗಮನಿಸಬೇಕು.

ಲೆಕ್ಕ ಇಡುವುದು ಸುಲಭ. ಮೊದಲ ಮೂರು ತಿಂಗಳಲ್ಲಿ ಒಟ್ಟು 2 ಕಿಲೋದೊಳಗೆ. ಆಮೇಲೆ ಸಹಜ ತೂಕದವರಿಗೆ ವಾರಕ್ಕೆ ಸರಾಸರಿ 0.37 ಕಿಲೋ. ಚೀನಾದ ಮನೆಮಾತಿನ ತೂಕ ಜಿನ್, ಅಂದರೆ ಅರ್ಧ ಕಿಲೋ. ವಾರಕ್ಕೆ ಮುಕ್ಕಾಲು ಜಿನ್ ಎಂದರೆ ಅಲ್ಲಿನ ಯಾರಿಗೂ ಅರ್ಥವಾಗುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮುನ್ನ, ಅದೇ ತಕ್ಕಡಿಯ ಮೇಲೆ ನಿಂತರೆ ಸಾಕು. ಇಪ್ಪತ್ತನೆಯ ವಾರದ ನಂತರ ಒಂದೇ ವಾರದಲ್ಲಿ ತೂಕ ಕಿಲೋಗಿಂತ ಹೆಚ್ಚು ಜಿಗಿದು, ಜೊತೆಗೆ ಮುಖ, ಕೈ ಊದಿ ತಲೆನೋವು ಬಂದರೆ ಅದು ಊಟದಿಂದ ಬಂದ ತೂಕವಲ್ಲದಿರಬಹುದು. ರಕ್ತದೊತ್ತಡ ಏರಿ ದೇಹದಲ್ಲಿ ನೀರು ನಿಲ್ಲುತ್ತಿರುವ ಸೂಚನೆ ಇರಬಹುದು. ಮುಂದಿನ ತಪಾಸಣೆಗೆ ಕಾಯದೆ ಅಂದೇ ವೈದ್ಯರ ಬಳಿಗೆ ಹೋಗಬೇಕು.